ಉಸಿರಿನ ಕ್ಲಾಸಿಗೆ ರಜೆ

ನಡೆದಾಡುತ್ತಿದ್ದ ಗಂಡನನ್ನು ಮೂಲೆಗೆ ಕೂರಿಸಿದ ಕಲ್ಲು ಮನಸ್ಸಿನವಳು ಅಂತ ಹಾಸಿಗೆ ಹೊಲಿಯುವವನ ಹೆಂಡತಿಯನ್ನು ಬೀದಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಗಂಟೇನು ಹೋಗುತ್ತದೆ! ಅವನನ್ನು ಕೈಹಿಡಿದು ಆಸ್ಪತ್ರೆಯ ಉಸಿರಿನ ಕ್ಲಾಸಿಗೆ ಕರೆದುಕೊಂಡು ಹೋದವಳೂ ಅವಳೇ.

ಹಾಸಿಗೆ ಮಾಡಲು ಜೀವಮಾನವಿಡೀ ಹತ್ತಿ ಹಿಂಜಿ, ಧೂಳು ಕುಡಿದು, ಅವನ ಶ್ವಾಸಕೋಶ ಕೆಟ್ಟು ಕೆರ ಹಿಡಿದಿತ್ತು. ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಏದುಸಿರು. "ಹೋದದ್ದು ವಾಪಸ್ ಬರಲ್ಲ. ಕೈಕಾಲಿಗೆ ಕಸುವು ಬಂದ್ರೆ ಇರೋ ಉಸಿರೇ ಸಾಕಾಗುತ್ತೆ. ಹತ್ತಿ ಮಾತ್ರ ಮುಟ್ಟಬೇಡಿ" ಎಂದಿದ್ದರು ಕ್ಲಾಸಿನ ಮೇಡಂ. ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುವುದು, ಕುರ್ಚಿಯಿಂದ ಏಳುವುದು, ಕೂರುವುದು, ವರಾಂಡದಲ್ಲಿ ನಡೆಯುವುದು. "ಈ ವಯಸ್ಸಲ್ಲಿ ಬಸ್ಕಿ ಹೊಡೆಸ್ತಾರಲ್ಲೇ, ನಾನೇನು ತಪ್ಪು ಮಾಡಿದ್ದೆ?" ಎಂದು ನಗಿಸುತ್ತಿದ್ದ. ದಿನ ಕಳೆದಂತೆ ಚೇತರಿಸಿಕೊಂಡ. ಅವಳಿಗೆ ಹೋದ ಜೀವ ಬಂದಂತಾಯಿತು.

ಒಂದು ಮಧ್ಯಾಹ್ನ ಅವಳು ಅಂಗಡಿಯಿಂದ ಬಂದರೆ ಹಿಂದಿನ ಕೋಣೆಯಲ್ಲಿ ಹಿಂಜುವ ಯಂತ್ರ ಗುರುಗುಟ್ಟುತ್ತಿತ್ತು. ಹುಬ್ಬಿನ ಮೇಲೆಲ್ಲ ಹತ್ತಿ. ಕಲಿಸಿಕೊಟ್ಟ ಹಾಗೇ ತುಟಿ ಚೂಪು ಮಾಡಿ ಉಸಿರು ಬಿಡುತ್ತಾ ನಿಂತಿದ್ದ, ಮಹಾರಾಯ!

"ರೀ, ನಿಮಗೆ ಬುದ್ಧಿ ಇದೆಯಾ?"

"ಮೈಗೆ ಕಸುವು ಬಂದಿದೆ ಕಣೇ. ಸುಮ್ನೆ ಕೂತು ಸಾಯ್ಲಾ?"

ಅತ್ತಳು, ಬೈದಳು, ಯಂತ್ರದ ಬೆಲ್ಟು ಬಚ್ಚಿಟ್ಟಳು. ಅವನು ಕೋಲು ಹಿಡಿದು ಹತ್ತಿ ಬಡಿಯತೊಡಗಿದ. ಕ್ಲಾಸಿನಲ್ಲಿ ಗಳಿಸಿದ್ದನ್ನೆಲ್ಲ ಆ ಕೋಣೆಗೇ ಸುರಿಯುತ್ತಿದ್ದ. ಕೆಮ್ಮು ಮತ್ತೆ ಹೆಚ್ಚಿತು. ಕೊನೆಗೆ ಅವಳು, "ಮೇಡಂಗೆ ಹುಷಾರಿಲ್ವಂತೆ, ಕ್ಲಾಸಿಗೆ ರಜೆ" ಎಂದು ಸುಳ್ಳು ಹೇಳಿಬಿಟ್ಟಳು. ಕಾಲಿನ ಕಸುವು ಇಳಿದರೆ ಹತ್ತಿಯ ಹತ್ತಿರ ಹೋಗಲಾರ, ಇನ್ನಷ್ಟು ದಿನ ಬದುಕಿಯಾನು ಅಂತ ಅವಳ ಆಸೆ. ಎಂಥ ಹಾಳು ಆಸೆ!

ಇಳಿಯಿತು. ಮೊದಲು ಹತ್ತಿ ಕೋಣೆ ದೂರವಾಯಿತು, ಆಮೇಲೆ ಹೊಸ್ತಿಲು, ಆಮೇಲೆ ಬಚ್ಚಲು. ಕೆಮ್ಮು ಮಾತ್ರ ಎಲ್ಲಿಗೂ ಹೋಗಲಿಲ್ಲ.

ನಿನ್ನೆ ಬಿಸಿನೀರು ಕುಡಿಸುತ್ತಿದ್ದಾಗ ಅವನೆಂದ: "ನೀನು ಹೊರಗೆ ಹೋಗಿದ್ದಾಗ ಮೇಡಂ ಫೋನ್ ಮಾಡಿದ್ರು. ಯಾಕೆ ಇಷ್ಟು ದಿನದಿಂದ ಬರ್ತಿಲ್ಲ ಅಂದ್ರು."

ಅವಳು ಲೋಟ ಕೆಳಗಿಟ್ಟಳು. "ನೀವೇನಂದ್ರಿ?"

"ಹೆಂಡ್ತಿಗೆ ಹುಷಾರಿಲ್ಲ ಅಂದೆ."

"ನಾಳೇನೇ ಹೋಗೋಣ ರೀ" ಎಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಮಂಚದ ಅಂಚು ಹಿಡಿದು ಏಳಲು ನೋಡಿದ. ಸುಧಾರಿಸಿಕೊಂಡು ಇನ್ನೊಮ್ಮೆ ನೋಡಿದ. ಆಗಲಿಲ್ಲ.

"ಮೇಡಂಗೆ ಏನೂ ಹೇಳ್ಬೇಡ" ಎಂದ. "ಪಾಪ, ತುಂಬಾ ಕಷ್ಟಪಟ್ಟಿದ್ರು."