ಜುಹೂವಿನಲ್ಲಿ ಸುಟ್ಟುಕೊಂಡ ಬೆನ್ನು

ಜುಹೂವಿನಿಂದ ಮರಳುವಾಗ ಸಾಂತಾಕ್ರೂಜ್‌ನಲ್ಲಿ ಲೋಕಲ್ ರೈಲು ಹತ್ತಿ ಸೀಟಿಗೆ ಬೆನ್ನು ಆನಿಸಿದೆ. ತಟ್ಟನೆ ಎದ್ದು ನಿಂತೆ. ಅಂಗಿಯೊಳಗೆ ಕೆಂಡ ಸುರಿದ ಹಾಗಿತ್ತು. ಸ್ನಾನ ಮಾಡಿದರೆ ಹೋಗುತ್ತದೆ ಅಂದುಕೊಂಡೆ. ದಾದರಿನಲ್ಲಿ ಇಳಿದು ಟ್ರಾಮ್ ಹತ್ತುವಷ್ಟರಲ್ಲಿ ಚಳಿ ಶುರುವಾಯಿತು.

ನಾನು ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುವವನು. ಹನ್ನೆರಡು ವರ್ಷದಿಂದ ಕಾವಲಿಯ ಮುಂದೆ ನಿಂತಿದ್ದೇನೆ, ಮಲಗುವುದೂ ಹೋಟೆಲಿನಲ್ಲೇ. ಹೆಂಡತಿ ವಸಂತಿ ಮತ್ತು ನಾಲ್ಕು ವರ್ಷದ ಮಗಳು ಸುಮತಿ ಉಡುಪಿಯ ಕಡೆ ನನ್ನ ತಾಯಿಯ ಜೊತೆ ಇದ್ದಾರೆ. ಭಾವ ಊರಿಗೆ ಹೋಗಿ ವಡಾಲದ ಚಾಳಿನಲ್ಲಿ ಅವರ ಖೋಲಿ ಖಾಲಿ ಬಿದ್ದಿತ್ತು. ಹಾಗಾಗಿ ಈ ಸಲ ಹೆಂಡತಿ ಮಗಳಿಬ್ಬರನ್ನೂ ಹದಿನೈದು ದಿನಕ್ಕೆ ಇಲ್ಲಿಗೇ ಕರೆಸಿಕೊಂಡೆ. ಸುಮತಿ ನನ್ನನ್ನು ನೋಡಿ ಎರಡು ವರ್ಷವಾಗಿತ್ತು. ಬಂದ ಎರಡು ದಿನ ತಾಯಿಯ ಸೆರಗು ಬಿಟ್ಟು ಈಚೆ ಬರಲಿಲ್ಲ. ಹದಿನೈದು ದಿನ ಮುಗಿಯುವುದರೊಳಗೆ ಮಗು ನನ್ನ ಹತ್ತಿರ ಬರಬೇಕು, ಇಷ್ಟೇ ನನ್ನ ಆಸೆ.

ಮೂರನೆಯ ದಿನ ಜುಹೂಗೆ ಹೋದೆವು. ಊರಿನಲ್ಲಿ ಎಣ್ಣೆಸ್ನಾನದ ದಿನ ಮೈಗೆಲ್ಲ ತೆಂಗಿನೆಣ್ಣೆ ತಿಕ್ಕಿಕೊಂಡು ಬಿಸಿಲಿಗೆ ಕೂರುವುದು ವಾಡಿಕೆ. ಹೋಟೆಲಿನ ನಲ್ಲಿಯ ಕೆಳಗೆ ಆ ಭಾಗ್ಯ ಎಲ್ಲಿ? ಎಣ್ಣೆಯ ಬಾಟ್ಲಿ ಹಿಡಿದುಕೊಂಡೇ ಹೋಗಿದ್ದೆ.

"ಬಿಸಿಲು ಜೋರುಂಟು. ಅಂಗಿ ಹಾಕಿಕೊಳ್ಳಿ," ಎಂದಳು ವಸಂತಿ.

"ಬೆಂಕಿಯೆದುರು ನಿಲ್ಲುವವನಿಗೆ ಬಿಸಿಲು ಎಂತ ಮಾಡ್ತದೆ ಮಾರಾಯ್ತಿ?" ಅಂದೆ.

ಅಲೆ ಕಂಡು ಹೆದರಿದ ಸುಮತಿ ನನ್ನ ಹೆಗಲೇರಿದಳು. ಆಮೇಲೆ ಇಳಿಯಲೇ ಇಲ್ಲ. ತಲೆಗೂದಲು ಹಿಡಿದುಕೊಂಡು ನಗುತ್ತಿದ್ದಳು. ಇಳಿಸಿದರೆ ಮತ್ತೆ ಹತ್ತುತ್ತಾಳೋ ಇಲ್ಲವೋ ಎಂಬ ಹೆದರಿಕೆ ನನಗೆ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಎಣ್ಣೆ ಹಚ್ಚಿದ ಬರಿಮೈಯಲ್ಲಿ ಅವಳನ್ನು ಹೊತ್ತು ನಡೆದೆ. ಅಷ್ಟು ಸುಖ ನಾನು ಈ ಪಟ್ಟಣದಲ್ಲಿ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಬೆನ್ನಿನ ತುಂಬ ನೀರುಗುಳ್ಳೆ. ಜ್ವರ, ವಾಂತಿ. ಚಾಪೆಯ ಮೇಲೆ ಬೋರಲು ಬಿದ್ದಿದ್ದೆ. ಆಗಲೇ ಸುಮತಿ ಹಿಂದಿನ ದಿನದ ಸಲುಗೆಯಲ್ಲಿ ಓಡಿ ಬಂದು ಹೆಗಲಿಗೆ ಹತ್ತಿದಳು.

ನಾನು ಕಿರುಚಿ ಅವಳನ್ನು ತಳ್ಳಿಬಿಟ್ಟೆ.

ಏಟೇನೂ ಆಗಲಿಲ್ಲ. ಅವಳು ಅಳಲೂ ಇಲ್ಲ. ಮತ್ತೆ ತಾಯಿಯ ಸೆರಗಿನ ಹಿಂದೆ ಸೇರಿಕೊಂಡಳು.

ಪಕ್ಕದ ಬಿಲ್ಡಿಂಗಿನ ಡಾಕ್ಟರು ಧಾರವಾಡದ ಕಡೆಯವರು. ಬೆನ್ನು ನೋಡಿ ತಲೆ ಅಲ್ಲಾಡಿಸಿದರು. "ಏನ್ರೀ, ಎಣ್ಣಿ ಹಚ್ಚಿಕೊಂಡು ಬಿಸಲಾಗ ನಿಂತಿದ್ರೇನು? ಹಪ್ಪಳ ಕರದಂಗ ಆಗೇದಲ್ರೀ! ಗುಳ್ಳಿ ಒಡಿಬ್ಯಾಡ್ರಿ, ಇನ್‌ಫೆಕ್ಷನ್ ಆದೀತು." ಡ್ರೆಸಿಂಗ್ ಮಾಡಿ, ಹಚ್ಚಲು ಲೋಷನ್ ಕೊಟ್ಟರು. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಅಡುಗೆಯವನಿಗೇ ತಗಲಿತು.

ಆಮೇಲಿನ ದಿನಗಳು ತೆವಳಿದವು. ಬೋರಲು ಮಲಗಿ ಎದೆ ನೋಯುತ್ತಿತ್ತು, ಮಗ್ಗುಲಾದರೆ ಬೆನ್ನು. ವಸಂತಿ ಚಾಳಿನ ನಲ್ಲಿಯಿಂದ ನೀರು ತರುವುದು, ಒದ್ದೆ ಬಟ್ಟೆ ಹೊದಿಸುವುದು, ಬೀಸಣಿಗೆ ಬೀಸುವುದು, ಇದರಲ್ಲೇ ಸವೆದಳು. "ಬೊಂಬಾಯಿ ನೋಡ್ಲಿಕ್ಕೆ ಬಂದೆ, ನಿಮ್ಮ ಬೆನ್ನು ನೋಡಿದ್ದೇ ಆಯ್ತು," ಎಂದು ಒಮ್ಮೆ ನಕ್ಕಳು. ಆಮೇಲೆ ಮುಖ ತಿರುಗಿಸಿಕೊಂಡು ಕಣ್ಣೊರೆಸಿದಳು. ನನಗೆ ನಾಚಿಕೆಯಾಯಿತು. ಸುಮತಿ ಮಾತ್ರ ಬಾಗಿಲ ಬಳಿಯೇ ಆಡುತ್ತಿದ್ದಳು. ಕರೆದರೆ ಬರುತ್ತಿರಲಿಲ್ಲ. ಉರಿಗಿಂತ ಅದೇ ಹೆಚ್ಚು ಸುಡುತ್ತಿತ್ತು.

ಹತ್ತನೆಯ ದಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳತೊಡಗಿತು. ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಕುಳಿತಿದ್ದೆ. ಹಿಂದೆ ಉಸಿರಿನ ಸದ್ದು.

"ಇದು ತೆಗೀಲಾ?"

"ತೆಗಿ ಮಗಾ."

ಒಂದು ಚೂರು ಕಿತ್ತಳು. ಬೆಳಕಿಗೆ ಹಿಡಿದು ನೋಡಿದಳು. ಇನ್ನೊಂದು ಕಿತ್ತಳು. ನಾನು ಕಾಲು ಮರಗಟ್ಟಿದರೂ ಅಲುಗಾಡಲಿಲ್ಲ. ಮರುದಿನ ಏಳುತ್ತಲೇ ಬೆನ್ನ ಹಿಂದೆ ಬಂದು ಕುಳಿತಳು.

ಅವರು ಹೋಗಿ ವಾರವಾಯಿತು. ಮತ್ತೆ ಕಾವಲಿಯ ಮುಂದೆ ನಿಂತಿದ್ದೇನೆ. ಬೆವರಿಳಿದರೆ ಹೊಸ ಚರ್ಮ ಚುರುಗುಟ್ಟುತ್ತದೆ. ಇನ್‌ಫೆಕ್ಷನ್ ಆಗದೆ ಉಳಿದದ್ದೇ ಪುಣ್ಯ.

ಅವರು ಹೊರಟ ದಿನ ಬೋರಿಬಂದರ್ ಸ್ಟೇಶನ್ನಿನಲ್ಲಿ ಗಾಡಿ ಹತ್ತಿಸಿ ಕಿಟಕಿಯ ಬಳಿ ನಿಂತಿದ್ದೆ. ಸುಮತಿ ಸರಳಿನೊಳಗಿಂದ ಕೈ ಹೊರಗೆ ಚಾಚಿ, ನನ್ನ ಕಾಲರ್ ಸರಿಸಿ, ಕುತ್ತಿಗೆಯ ಹತ್ತಿರ ಉಳಿದಿದ್ದ ಚರ್ಮದ ಒಂದು ಎಳೆಯನ್ನು ಹಿಡಿದು ಎಳೆದಳು. ಅಲ್ಲಿನ್ನೂ ಹಸಿ. ಜೀವ ಹೋದಂತಾಯಿತು. ನಾನು ಕೂಗಲಿಲ್ಲ. ಗಾಡಿ ಹೊರಡುವವರೆಗೂ ಕುತ್ತಿಗೆ ಅವಳ ಕಡೆಗೇ ಬಾಗಿಸಿಕೊಂಡು ನಿಂತಿದ್ದೆ.