ನೆತ್ತಿಯಲ್ಲಿ ನಿಂತ ಬಸ್ಸು

ಬೆಸಗರಹಳ್ಳಿಯ ದೇವಯ್ಯ ತನ್ನ ವಂಶದಲ್ಲೇ ನೇಗಿಲು ಬಿಟ್ಟು ಸ್ಟೇರಿಂಗು ಹಿಡಿದ ಮೊದಲಿಗ. ಓಡಿಸುತ್ತಿದ್ದದ್ದು ಸಾವ್ಕಾರರ ಬಸ್ಸು, ಪೆಟ್ರೋಲಿನ ಬದಲು ಇದ್ದಿಲ ಹೊಗೆಯಿಂದ ಓಡುವಂಥದ್ದು. ಚಳವಳಿ ಅಂದರೆ ಮೂತಿ ತಿರುವುತ್ತಿದ್ದ. "ರಾಜ್ರು ಅವ್ರೆ, ಕಾಂಗ್ರೆಸ್ನೋರು ಅವ್ರೆ, ಮಧ್ಯ ನಾವ್ಯಾಕ್ಲಾ ಬೇಯ್ಬೇಕು?"

ನಲವತ್ತೇಳನೇ ಇಸವಿ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಮೈಸೂರಿನಲ್ಲಿ ಇನ್ನೂ ದಿವಾನರ ದರ್ಬಾರು. ಜೈಲು ತುಂಬಿದ್ದರಿಂದ ಪೊಲೀಸರು, ಜನರ ಸರ್ಕಾರ ಬೇಕೆಂದು ಬೀದಿಗಿಳಿದ ಸತ್ಯಾಗ್ರಹಿಗಳನ್ನು ಹಿಡಿದು ದೂರದ ಕಾಡುಗುಡ್ಡದಲ್ಲಿ ಇಳಿಸಿ ಬರುತ್ತಿದ್ದರು. ಒಂದು ಮಧ್ಯಾಹ್ನ ಮಳವಳ್ಳಿಯಲ್ಲಿ ದೇವಯ್ಯನ ಬಸ್ಸಿಗೂ ಆ ಪಾಳಿ ಬಂತು. ಅವನು ಹಿಂದಿನ ಡ್ರಮ್ಮಿಗೆ ಇದ್ದಿಲು ತುಂಬುವಷ್ಟರಲ್ಲಿ ಜನರನ್ನು ಹತ್ತಿಸಿ ಟಾರ್ಪಾಲು ಎಳೆದಿದ್ದರು. ಹೋಗಬೇಕಾದ್ದು, ಹಿಂದೆ ದೊರೆಗಳು ಜಲಪಾತ ನೋಡಲೆಂದು ಬೆಟ್ಟದ ನೆತ್ತಿಯಲ್ಲಿ ಕಟ್ಟಿಸಿದ್ದ ಕಟ್ಟೆಗೆ. ಕಡಿದಾದ ಜಲ್ಲಿ ರಸ್ತೆ.

ಅರ್ಧ ಏರಿನಲ್ಲಿ ಚಕ್ರ ಜಲ್ಲಿ ಉಗುಳಿ ನಿಂತಿತು.

"ಇಳೀರ್ರಪ್ಪ, ತಳ್ಳಿ!" ದೇವಯ್ಯ ರೂಢಿಯ ಮೇಲೆ ಕೂಗಿಬಿಟ್ಟ.

ಸತ್ಯಾಗ್ರಹಿಗಳು ಇಳಿದರು. ಒಬ್ಬನೂ ಓಡಲಿಲ್ಲ. ಪೊಲೀಸರ ಜೊತೆ ಹೆಗಲು ಕೊಟ್ಟು, ತಮ್ಮನ್ನು ಕಾಡಿಗೆ ಬಿಡುವ ಬಸ್ಸನ್ನು ತಾವೇ ತಳ್ಳತೊಡಗಿದರು! ದೇವಯ್ಯ ದಂಗಾಗಿ ಕತ್ತು ಹೊರಗೆ ಚಾಚಿದ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳುತ್ತಿದ್ದವಳು ಚಲುವಮ್ಮ, ಅವನ ಹೆಂಡತಿ. ತವರಿಗೆ ಹೋಗಿದ್ದಾಳೆಂದು ತಿಳಿದಿದ್ದ.

"ನೀನಾ?"

"ನಾನೇ. ಮುಂದ್ಕೆ ನೋಡ್ಕಂಡು ಓಡ್ಸು, ಕಮರಿ ಐತೆ."

ಉಳಿದ ಏರನ್ನು ಹೇಗೆ ಹತ್ತಿದನೋ ಅವನಿಗೇ ತಿಳಿಯದು. ನೆತ್ತಿಯಲ್ಲಿ ಎಲ್ಲರನ್ನೂ ಇಳಿಸಿ ಪೊಲೀಸರು ಮಾತ್ರ ಬಸ್ಸಿನೊಳಕ್ಕೆ ಬಂದು ಕೂತರು. ಹೊತ್ತು ಇಳಿಯುತ್ತಿತ್ತು. ಆ ಬೆಟ್ಟದಲ್ಲಿ ಚಿರತೆ ಇದ್ದದ್ದು ಸುತ್ತಿನವರಿಗೆಲ್ಲ ಗೊತ್ತು.

"ಬುಡ್ಲಾ ಬಸ್ಸ," ದಫೇದಾರ ಗದರಿದ.

ದೇವಯ್ಯನ ಕೈ ಗೇರಿಗೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಇಳಿದುಹೋಗಿ ಕಟ್ಟೆಯ ಮೇಲೆ ಹೆಂಡತಿಯ ಪಕ್ಕ ಕೂತ.

"ಲೇ! ಲೈಸೆನ್ಸು ಕಿತ್ತಾಕುಸ್ತೀನಿ!"

"ಕಿತ್ತಾಕ್ಸಿ ಸೋಮಿ. ಎಲ್ರುನೂ ಅತ್ತುಸ್ಕಂಡ್ರೆ ಬಸ್ಸ ಕೆಳಕ್ಕೆ ಇಳುಸ್ತೀನಿ. ಇಲ್ದಿದ್ರೆ ನೀವೇ ಓಡುಸ್ಕಂಡೋಗಿ."

ಆಡಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದ. ಚಲುವಮ್ಮ ಬಾಯಿ ತೆರೆದು ಗಂಡನನ್ನೇ ನೋಡುತ್ತಿದ್ದಳು.

ದಫೇದಾರ ಡ್ರೈವರಿನ ಖಾಲಿ ಸೀಟು ನೋಡಿದ, ಕೆಳಗಿನ ಕಮರಿ ನೋಡಿದ. "ಅತ್ತುರ್ರೋ ಎಲ್ಲಾ, ನಿಮ್ಮ ಮಕಕ್ಕಿಷ್ಟು!"

ಮಾರನೆಯ ದಿನವೇ ಲೈಸೆನ್ಸು ಹೋಯಿತು. ದೇವಯ್ಯ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಎತ್ತು ಕಟ್ಟಿ ಕಬ್ಬಿನ ಗಾಡಿ ಹೊಡೆಯಲು ನಿಂತ.