ಗುಡುಗು ಓಡಿದ ಭಾನುವಾರ

ಕಳೆದ ಭಾನುವಾರ ಮಧ್ಯಾಹ್ನ ಮೂರೂವರೆಗೆ ಹಾನಗಲ್ ತಾಲೂಕಿನ ಒಂದು ಊರಿನ ಅಖಾಡದಲ್ಲಿ ‘ಗುಡುಗು’ ಎಂಬ ಹೋರಿ ಯಾರ ಕೈಗೂ ಸಿಗದೆ ಪಾರಾಯಿತು ಎಂದು ಮೈಕಿನಲ್ಲಿ ಘೋಷಣೆಯಾಯಿತು. ಶಿಳ್ಳೆ ಬಿದ್ದವು. ಬಾವುಟ ಹಾರಿದವು.

ಗುಡುಗು ಸತ್ತು ಅಂದಿಗೆ ಎರಡು ತಿಂಗಳು ಆರು ದಿನ.

(ಊರಿನ ಹೆಸರು ಬರೆಯುವುದಿಲ್ಲ. ಮಂದಿಯ ಹೆಸರು ಬದಲಿಸಿದ್ದೇನೆ, ಹೋರಿಯದ್ದೂ. ಉಳಿದದ್ದು ನಡೆದಂತೆಯೇ ಇದೆ.)

ನಮ್ಮ ಕಡೆಯವರಿಗೆ ಕೊಬ್ಬರಿ ಹೋರಿ ಎಂದರೆ ವಿವರಿಸಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಮೈಮೇಲೆ ಬಣ್ಣದ ಜೂಲಾ ಹೊದಿಸಿ, ಕೋಡಿಗೆ ಬಲೂನು ಏರಿಸಿ, ಜನರ ನಡುವಿನ ಓಣಿಯಂಥ ದಾರಿಯಲ್ಲಿ ಓಡಲು ಬಿಡುತ್ತಾರೆ. ಆ ದಾರಿಯೇ ಅಖಾಡ. ಹರೆಯದವರು ಅಡ್ಡ ಬಿದ್ದು ಸರ ಹರಿಯಲು ನೋಡುತ್ತಾರೆ. ಸರ ಉಳಿದರೆ ಹೋರಿ ಗೆದ್ದಂತೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಗೆದ್ದ ಹೋರಿಯೆಂದರೆ ಸ್ಟಾರ್. ಬರ್ತ್‌ಡೇಗೆ ಕೇಕ್, ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್, ಹೆಸರು ಬರೆದ ಟೀಶರ್ಟ್, ಫೋನಿನಲ್ಲಿ ಪೇಜ್. ಅಖಾಡಕ್ಕೆ ಇಳಿಯುವಾಗ ಬಾರಿಸಲು ಅದಕ್ಕೆಂದೇ ಒಂದು ಹಾಡು.

ನಾನೂ ಗುಡುಗಿನ ಅಭಿಮಾನಿ. ಎಂಥ ಅಭಿಮಾನಿ? ಕುಳಿತು ನೆನಪು ಮಾಡಿಕೊಂಡೆ. ನಾಲ್ಕು ವರ್ಷದಲ್ಲಿ ಐದು ಸಲ ನೋಡಿದ್ದೇನೆ. ಒಂದೊಂದು ಸಲವೂ ಮೂರು ಸೆಕೆಂಡ್. ಧೂಳು, ಜೂಲಾ, ಬಲೂನು, ಸದ್ದು. ಅಲ್ಲಿಗೆ ಮುಗಿಯಿತು.

ಹದಿನೈದು ಸೆಕೆಂಡಿನ ಪರಿಚಯ. ಅದರ ಮೇಲೆ ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ಉದ್ದಕ್ಕೆ ಬರೆದಿದ್ದೆ. ಬೇಲಿಯ ತಂತಿಗೆ ಸಿಕ್ಕು ಅದರ ಎಡಗಿವಿ ಸೀಳಿಹೋದದ್ದನ್ನೂ ಬರೆದಿದ್ದೆ. (ಮಾಲೀಕರು ಫೋನಿನಲ್ಲಿ ಹೇಳಿದ್ದು. ನಾನು ಕಂಡಿರಲಿಲ್ಲ.)

ಈ ವರ್ಷದ ಸ್ಪರ್ಧೆಗಳು ಶುರುವಾಗುವ ಮೊದಲು ಒಂದು ಫೋಟೊ ಇರಲೆಂದು ಮೂರು ವಾರದ ಹಿಂದೆ ಮಾಲೀಕರ ಮನೆಗೆ ಹೋದೆ. ಮಾಲೀಕ ಫಕ್ಕೀರಪ್ಪ ಐವತ್ತು ದಾಟಿದವರು, ಗೋವಿನಜೋಳ ಬೆಳೆಯುವವರು. ಭಾನುವಾರವಾದ್ದರಿಂದ ಅಂಗಳದ ತುಂಬ ಕಪ್ಪು ಟೀಶರ್ಟಿನ ಹುಡುಗರು. ಪಾಳಿ ಹಚ್ಚಿ ಒಬ್ಬೊಬ್ಬರೇ ಹೋರಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನ್ನ ಪಾಳಿ ಬಂತು. ನಾನೂ ನಿಂತೆ. ಅದರ ಕೊರಳ ಮೇಲೆ ಕೈಯಿಟ್ಟೆ. ಹೋರಿ ಅಲುಗಾಡಲಿಲ್ಲ.

ಹೊರಡುವಾಗ ನೋಡಿದರೆ ಹಿತ್ತಲಿನ ಹುಣಸೆಮರದ ಕೆಳಗೆ ನಿಲ್ಲಿಸಿದ್ದ ನನ್ನ ಬೈಕಿನ ಸ್ಟ್ಯಾಂಡ್ ಮಣ್ಣಿನಲ್ಲಿ ಇಳಿದು ಗಾಡಿ ವಾಲಿತ್ತು. ಫಕ್ಕೀರಪ್ಪನವರ ಹೆಂಡತಿ ನೀಲವ್ವ ಬಂದು ನಿಂತರು.

“ಅಲ್ಲಿ ಹಚ್ಚಬಾರದಿತ್ರಿ ಅಣ್ಣಾರ. ಮಣ್ಣು ಮೆತ್ತಗ ಐತಿ.”

“ಇರ್ಲಿ ಬಿಡ್ರಿ ಅಕ್ಕಾರ.”

“ಫೋಟೋ ಚಲೋ ಬಂತೇನ್ರಿ?”

“ಬಂತ್ರಿ.”

“ಕಿವಿ ಬಂದಾವೇನು, ನೋಡ್ರಿ.”

ಫೋನ್ ತೆರೆದೆ. ಎರಡು ಕಿವಿ. ಎರಡೂ ವೀಳ್ಯದೆಲೆಯಂತೆ ಇಡಿಯಾಗಿದ್ದವು.

“ಇವ ಸಣ್ಣಾಂವ್ರಿ,” ಎಂದರು ನೀಲವ್ವ. “ಹೊಲದಾಗ ಗಳೇ ಹೊಡಿಯೋ ಎತ್ತು. ಒಂದ ದಿನಾನೂ ಅಖಾಡ ಕಂಡಾಂವಲ್ಲ. ಗುಡುಗು ಇಲ್ಲೈತಿ.” ಎಂದು ನನ್ನ ಬೈಕಿನ ಕೆಳಗಿನ ಮಣ್ಣು ತೋರಿಸಿದರು.

ನಾನು ಮೊದಲು ಮಾಡಿದ ಕೆಲಸ, ಬೈಕ್ ತೆಗೆದದ್ದು.

ಹೊಟ್ಟೆ ಉಬ್ಬರಿಸಿ ಒಂದು ಮುಂಜಾನೆ ಗುಡುಗು ಸತ್ತಿತ್ತು. ಹೆಸರಾದ ಹೋರಿ ಸತ್ತರೆ ನಮ್ಮಲ್ಲಿ ಡಿಜೆ ಹಚ್ಚಿ, ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ತೆಗೆಯುತ್ತಾರೆ. ಅದು ಬೇಡವೆಂದು ನೀಲವ್ವ ಪಟ್ಟುಹಿಡಿದರು. ಮನೆಯವರಷ್ಟೇ ಸೇರಿ ಹುಗಿದರು. ಸರಿ, ಆಮೇಲಾದರೂ ಹೇಳಬಹುದಿತ್ತಲ್ಲ?

“ನಾ ಸುಳ್ಳ ಹೇಳಿಲ್ರಿ,” ಎಂದರು ಫಕ್ಕೀರಪ್ಪ. “ಹುಗದ ಮೂರನೇ ದಿನ ಹುಡುಗ್ರು ಬಂದ್ರು. ಹೇಳಬೇಕಂತ ಬಾಯಿ ತೆರದೆ. ಅಷ್ಟರಾಗ ಒಬ್ಬಾಂವ ಸಣ್ಣಾಂವನ ಕೊರಳಿಗೆ ಕೈ ಹಾಕಿ ಫೋಟೋ ತಗಸ್ಕೊಂಡ. ‘ಗುಡುಗು ಸ್ವಲ್ಪ ಸೊರಗ್ಯಾನ, ಹಿಂಡಿ ಹಾಕ್ರಿ ಕಾಕಾ’ ಅಂದ. ತೆರೆದ ಬಾಯಿ ಮುಚ್ಚಿದೆ.”

“ಧಾರಾವಾಹಿಯೊಳಗ ಸೊಸಿ ಪಾರ್ಟಿನಾಕಿ ಬದಲಾದ್ಲಲ್ರಿ,” ಎಂದರು ನೀಲವ್ವ. “ಇವತ್ತಿಂದ ಈಕಿನ ಸೊಸಿ ಅಂತ ತೋರ್ಸಿದ್ರು. ಎರಡ ದಿನ ಓಣ್ಯಾಗ ಎಲ್ಲಾರೂ ಬೈದ್ರು. ಮೂರನೇ ದಿನ ಹೊಂದಿಕೊಂಡ್ರು. ಇಲ್ಲಿ ಆ ಎರಡ ದಿನಾನೂ ಯಾರೂ ಬೈಲಿಲ್ರಿ.”

ಅವರ ಚಿಂತೆ ಬೇರೆಯೇ ಇತ್ತು. ಹುಡುಗರು ಸ್ಪರ್ಧೆಗೆ ಗುಡುಗಿನ ಹೆಸರು ಬರೆಸಿಬಿಟ್ಟಿದ್ದರು.

“ಸಣ್ಣಾಂವನ್ನ ಒಯ್ತಾರಂತ್ರಿ. ಒಂದ ಪಟಾಕಿ ಸದ್ದಾದ್ರ ನೊಗಾ ಕಿತಗೊಂಡು ಓಡೋ ಪ್ರಾಣಿ. ಮಂದಿ ಮ್ಯಾಲ ಹಾಯ್ದ್ರ? ಕಾಲ ಮುರಕೊಂಡು ಬಿದ್ರ? ಒಂದನ್ನ ಹುಗದೇನಿ ಅಣ್ಣಾರ, ಇನ್ನೊಂದನ್ನ ಹುಗಿಯಾಕ ಆಗಂಗಿಲ್ಲ. ನೀವು ಪೇಪರ್‌ನ್ಯಾಗ ಬರೀರಿ. ಪೇಪರ್‌ನ್ಯಾಗ ಬಂದ್ರ ನಂಬ್ತಾರ.”

ಬರೆದೆ. ದನದ ಡಾಕ್ಟರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡು ನಾಲ್ಕು ಸಾಲು ಕೊಟ್ಟೆ. ‘ಹೆಸರಾಂತ ಹೋರಿ ಗುಡುಗು ಸಾವು’. ಮಂಗಳವಾರದ ಪತ್ರಿಕೆಯಲ್ಲಿ ಬಂತು.

ಅಂದು ಬೆಳಿಗ್ಗೆ ಹತ್ತಕ್ಕೆ ಗುಡುಗಿನ ಪೇಜಿನಲ್ಲಿ ಒಂದು ಫೋಟೊ ಬಿತ್ತು. ಸಣ್ಣಾಂವ ನಿಂತಿದ್ದಾನೆ. ಕೊರಳಿಗೆ ದಾರದಿಂದ ಆ ದಿನದ ಪತ್ರಿಕೆ ತೂಗುಹಾಕಿದ್ದಾರೆ, ತಾರೀಕು ಮತ್ತು ನನ್ನ ನಾಲ್ಕು ಸಾಲು ಎರಡೂ ಕಾಣುವಂತೆ ಮಡಚಿ. ಕೆಳಗೆ ಒಕ್ಕಣೆ: ‘ಗುಡುಗು ತನ್ನ ಸಾವಿನ ಸುದ್ದಿ ಓದಾಕತ್ತಾನ.’

ಮಂದಿ ನಕ್ಕರು. ನನ್ನನ್ನು ಬೈದರು. ಒಬ್ಬರು, ಒಬ್ಬರಾದರೂ, ಕಿವಿಯ ಮಾತು ಎತ್ತುತ್ತಾರೇನೋ ಎಂದು ಸಂಜೆಯವರೆಗೆ ಕಾಮೆಂಟ್ ಓದಿದೆ. ಎತ್ತಲಿಲ್ಲ.

ಪೇಜ್ ನಡೆಸುವವನು ಸವಣೂರಿನ ಇಮ್ತಿಯಾಜ್. ಮೊಬೈಲ್ ಕವರ್ ಮಾರುವ ಅಂಗಡಿಯಿದೆ. ಹಳೆಯ ಪರಿಚಯ. ಫೋನ್ ಮಾಡಿದೆ.

“ಇಮ್ತಿಯಾಜ್, ಆ ಹೋರಿ ಎಡಗಿವಿ ನೋಡೀಯೇನಪಾ?”

“ನೋಡೇನ್ರಿ ಸರ. ಮೊದಲನೇ ವಾರನ ನೋಡೇನಿ.”

“ಮತ್ತ?”

“ಮತ್ತೇನ್ರಿ. ಅವತ್ತ ಹದಿನಾರು ಮಂದಿ ಹೋಗಿದ್ವಿ. ಹದಿನಾರೂ ಮಂದಿ ಕಿವಿ ನೋಡಿದ್ವಿ. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಅಷ್ಟ.”

“ಸತ್ತೈತಿ ಅಂತ ಹಾಕಬೇಕಿತ್ತಲ್ಲೋ.”

“ಹಾಕಿದ್ರ ಏನಾಕ್ಕೇತ್ರಿ? ಎರಡ ದಿನ ಅಳೋ ಇಮೋಜಿ ಹಾಕ್ತಾರ. ಮೂರನೇ ದಿನ ಬ್ಯಾರೆ ಹೋರಿ ಪೇಜಿಗೆ ಹೋಗ್ತಾರ. ಹಿಂಗ ಇದ್ರ ಇರ್ತಾನಲ್ರಿ ಸರ.”

“ಆ ಎತ್ತಿಗೆ ಏನರ ಆದ್ರ?”

“ಯಾವ ಎತ್ತು ರೀ?” ಎಂದ ಇಮ್ತಿಯಾಜ್. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅವನ ದನಿಯಲ್ಲಿ ತಮಾಷೆಯಿರಲಿಲ್ಲ.

ನೀಲವ್ವ ಇನ್ನು ಯಾರನ್ನೂ ಕೇಳಲಿಲ್ಲ. ಸ್ಪರ್ಧೆಗೆ ಮೂರು ದಿನವಿರುವಾಗ, ಗುರುವಾರ ಹಾಡುಹಗಲೇ, ಟೆಂಪೊ ತರಿಸಿ ಸಣ್ಣಾಂವನನ್ನು ಹಿರೇಕೆರೂರು ತಾಲೂಕಿನ ತಮ್ಮ ತವರಿಗೆ ಕಳಿಸಿಬಿಟ್ಟರು. ಹತ್ತಿಸಲು ಇಬ್ಬರು ಟೀಶರ್ಟಿನವರೇ ಹೆಗಲು ಕೊಟ್ಟರಂತೆ. “ಗುಡುಗು ಎಲ್ಲಿಗ್ರಿ ಕಾಕೂ?” ಎಂದು ಕೇಳಿದರಂತೆ. “ಹವಾ ಬದಲಿಗೆ” ಎಂದರಂತೆ ಇವರು. ಅವರು ಹೂಂ ಎಂದು ತಲೆಯಾಡಿಸಿ ಹೋದರಂತೆ.

ಹಾಗಾದರೆ ಭಾನುವಾರ ಅಖಾಡದಲ್ಲಿ ಓಡಿದ್ದು ಏನು?

ಎರಡು ಗಂಟೆಗೆ ಫಕ್ಕೀರಪ್ಪನವರಿಗೆ ಫೋನ್ ಮಾಡಿದ್ದೆ. ಮನೆಯಲ್ಲೇ ಇದ್ದರು. ಗೋವಿನಜೋಳ ಒಣಹಾಕುತ್ತಿದ್ದರು. ಮೂರಕ್ಕೆ ನಾನು ಹೋರಿ ಬಿಡುವ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತೆ. ಟಿಪ್ಪಣಿ ಪುಸ್ತಕ ತೆರೆದಿಟ್ಟುಕೊಂಡೆ. ಮೂರೂವರೆಗೆ ಮೈಕಿನಲ್ಲಿ ಗುಡುಗಿನ ಹೆಸರು ಕೂಗಿದರು. ಹಾಡು ಶುರುವಾಯಿತು. ಇದ್ದಬದ್ದ ಕೈಗಳೆಲ್ಲ ಫೋನ್ ಹಿಡಿದು ಮೇಲೆದ್ದವು. ಹಿಂದಿನ ಹೋರಿ ಎಬ್ಬಿಸಿದ ಧೂಳು ಇನ್ನೂ ಕೂತಿರಲಿಲ್ಲ. ಪಟಾಕಿ ಹೊಗೆ ಬೇರೆ. ಹಗ್ಗ ಬಿಟ್ಟರು.

ನಾನು ಕಣ್ಣು ಮಿಟುಕಿಸದೆ ನೋಡಿದೆ. ಪುಸ್ತಕದಲ್ಲಿ ಬರೆದುಕೊಂಡದ್ದು ಎರಡು ಪದ: ಏನೂ ಬರಲಿಲ್ಲ.

ಆದರೆ ಜನ ಸರಿದರು. ನನ್ನ ಎದುರಿನಿಂದ ಶುರುವಾಗಿ ಆ ತುದಿಯವರೆಗೆ, ಓಡುವ ಹೋರಿಗೆ ಸರಿಯುವಂತೆಯೇ, ಒಬ್ಬರ ಹಿಂದೆ ಒಬ್ಬರು ಎದೆ ಒಳಗೆಳೆದುಕೊಂಡು ಸರಿದರು. ಸರ ಹರಿಯಲು ನಿಂತಿದ್ದವರು ಮುಂದೆ ನುಗ್ಗಿ, ಕೈಬೀಸಿ, ಹಿಂದಕ್ಕೆ ಬಿದ್ದರು. ಒಬ್ಬ ಮೊಣಕೈ ತಿಕ್ಕಿಕೊಂಡ.

ನಾನೂ ಹಿಂದೆ ಸರಿದಿದ್ದೆ. ಕಾಲಕೆಳಗೆ ನೋಡಿದಾಗ ಗೊತ್ತಾಯಿತು, ಒಂದು ಹೆಜ್ಜೆ.

ಪಕ್ಕದಲ್ಲಿ ನಿಂತಿದ್ದ ಬಂಕಾಪುರದ ಹಿರಿಯರೊಬ್ಬರು ರುಮಾಲಿನಿಂದ ಮುಖದ ಧೂಳು ಒರೆಸಿಕೊಂಡರು. “ಏನ್ ಓಟ ಐತ್ರಿ. ಹ್ವಾದ ವರ್ಷಕ್ಕಿಂತ ಜೋರಾಗ್ಯಾನ.”

“ನೀವು ನೋಡಿದ್ರೇನ್ರಿ?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಯಾಕ್ರಿ, ನೀವು ನೋಡಲಿಲ್ಲೇನು?”

ಧೂಳಿತ್ತು ಎಂದೆ.

ಪೇಜಿನಲ್ಲಿ ಸಂಜೆಯೇ ವಿಡಿಯೊ ಬಂತು. ಹದಿನೆಂಟು ಸೆಕೆಂಡ್ ಧೂಳು, ಮೇಲೆ ಆ ಹಾಡು. ಇಷ್ಟು ಜನ ಇದುವರೆಗೆ ಗುಡುಗಿನ ಯಾವ ವಿಡಿಯೊವನ್ನೂ ನೋಡಿರಲಿಲ್ಲ ಎಂದು ಇಮ್ತಿಯಾಜ್ ಮೆಸೇಜ್ ಹಾಕಿದ್ದಾನೆ.

ಸೋಮವಾರ ನೀಲವ್ವ ಫೋನ್ ಮಾಡಿದ್ದರು. ಸಣ್ಣಾಂವ ತವರಿನಲ್ಲಿ ಆರಾಮ ಇದ್ದಾನಂತೆ. ಯಾರೂ ಹುಡುಕಿಕೊಂಡು ಹೋಗಿಲ್ಲವಂತೆ. ಈ ಎರಡನೆಯ ಮಾತನ್ನು ಅವರು ಎರಡು ಸಲ ಹೇಳಿದರು.

ನಿನ್ನೆ ಶಿಗ್ಗಾವಿ ತಾಲೂಕಿನ ಮುಂದಿನ ಸ್ಪರ್ಧೆಯ ಕರಪತ್ರ ಕೈಸೇರಿತು. ಹೋರಿಗಳ ಪಟ್ಟಿಯಲ್ಲಿ ಮೊದಲ ಹೆಸರು ಗುಡುಗು. ಮಾಲೀಕರ ಹೆಸರಿನ ಜಾಗದಲ್ಲಿ ‘ಅಭಿಮಾನಿ ಬಳಗ’ ಎಂದು ಅಚ್ಚಾಗಿದೆ.